ಹೈಮವತಿಯ ದಣಿವು

“ಇದು ಯಾರ ಸುಸ್ತಪ್ಪಾ, ಬೆಳಬೆಳಿಗ್ಗೇನೇ ಬಂದು ನನ್ನ ರಟ್ಟೆಗೆ ಜೋತು ಬಿದ್ದಿರೋದು?”

ಹಾಲಿನ ಕೆಂಚಪ್ಪ ನಮ್ಮ ಮನೆಯ ಮೆಟ್ಟಿಲ ಮೇಲೆ ಕ್ಯಾನು ಇಳಿಸಿ, ತೋಳು ಹಿಚುಕಿಕೊಳ್ಳುತ್ತ ಕೇಳಿದ. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಎದುರಿಗೆ ಬೀದಿ ಖಾಲಿಯಿತ್ತು. ನಾನು ಒಳಗೆ ದೇವರ ಮುಂದೆ ಕೂತಿದ್ದೆ. ಬೇರೆ ಊರುಗಳಲ್ಲಿ ಮೋಡ ನೋಡಿ ಮಳೆ ಬರುತ್ತೋ ಏನೋ ಅನ್ನುವಂತೆ, ನಮ್ಮೂರಲ್ಲಿ ಈ ಪ್ರಶ್ನೆಯನ್ನು ಎಲ್ಲರೂ ಕೇಳಿಕೊಳ್ಳುತ್ತಿರುತ್ತಾರೆ. ಎದ್ದಾಗಿನಿಂದ ಯಾರ್ಯಾರನ್ನೋ ಹೆಸರು ಹಿಡಿದು ಕೂಗಿರುತ್ತೇವೆ. ಯಾರನ್ನು ಕೂಗಿದೆವೋ ಅವರ ಮೈಯ ದಣಿವಿನಲ್ಲಿ ಒಂದು ಪಾಲು ಇಳಿದು ನಮ್ಮ ಮೈಗೆ ಬಂದಿರುತ್ತದೆ. ಮೀನಖಂಡ ನೊಂದರೆ ಅದು ಅಂಚೆಯವನದು, ಸೊಂಟ ಹಿಡಿದರೆ ಬಟ್ಟೆ ಒಗೆಯುವವಳದು, ಕಣ್ಣು ಉರಿದರೆ ದರ್ಜಿಯದು. ಹುಡುಕಿದರೆ ಸಿಕ್ಕೇ ಸಿಗುತ್ತದೆ.

“ನಂದೇ, ಹಾಲುಮಾವ,” ಎಂದು ಹಿತ್ತಿಲಿನಿಂದ ನನ್ನ ತಂಗಿಯ ಮಗಳು ಕೂಗಿದಳು. “ಕೆರೆ ಏರಿ ಮೇಲೆ ಗಾಡಿ ತಳ್ತಿದ್ದಾಗ ಕರೆದ್ಯಲ್ಲ, ಮರೆತ್ಯಾ? ಕೊಡು ವಾಪಸ್ಸು.”

“ಕೊಡೋಕೆ ಬರೋ ಹಾಗಿದ್ರೆ ನನ್ನ ಸೊಂಟನೋವನ್ನ ಯಾವತ್ತೋ ನಮ್ಮತ್ತೆಗೆ ಕೊಡ್ತಿದ್ದೆ.”

“ಮತ್ತೆ ಯಾಕೆ ಕರೀತೀಯ? ಬೇಡ ಅಂತ ಮೊನ್ನೆಯಿಂದ ಬಡ್ಕೊಳ್ತಾ ಇದೀನಿ.”

“ಎದುರಿಗೆ ಬಂದಾಗ ಬಾಯಿಗೆ ಬರುತ್ತಮ್ಮ. ನೀನು ಇಷ್ಟುದ್ದ ಇದ್ದಾಗಿಂದ ಕರೆದ ಬಾಯಿ ಇದು, ಬೀಗ ಹಾಕು ಅಂದ್ರೆ ಹೆಂಗೆ?”

“ಹಾಲಿಗೆ ಹಾಕ್ತೀಯಲ್ಲ ನೀರು, ಅದನ್ನ ಒಂದಿನ ಬಾಯಿಗೆ ಹಾಕ್ಕೊಂಡು ನಿಂತ್ಕೋ. ಹಾಲೂ ಗಟ್ಟಿಯಾಗುತ್ತೆ, ಬಾಯೂ ಮುಚ್ಚಿರುತ್ತೆ.”

ಕೆಂಚಪ್ಪ ನಕ್ಕ. ತೋಳು ನೋಯುತ್ತಿದ್ದರೂ ನಕ್ಕ. ಅವಳ ಮಾತಿಗೆ ಕೋಪ ಮಾಡಿಕೊಂಡವರನ್ನು ನಾನು ಕಂಡಿಲ್ಲ.

ಅವಳ ಹೆಸರು ಹೈಮವತಿ. ಬರೆದರೆ ಏನೂ ಆಗುವುದಿಲ್ಲ, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ಗಟ್ಟಿಯಾಗಿ ಓದುವ ಅಭ್ಯಾಸವಿರುವವರು ಆ ಹೆಸರು ಬಂದ ಕಡೆ ತುಟಿ ಕೂಡಿಸಿ ಮುಂದೆ ಹೋದರೆ ಒಳ್ಳೆಯದು.

ನನಗೆ ಓದುವುದಕ್ಕಿಂತ ಕೇಳುವುದೇ ಹೆಚ್ಚು ಅಭ್ಯಾಸ. ನಮ್ಮಪ್ಪ ದೇವಸ್ಥಾನದ ಜಗಲಿಯಲ್ಲಿ ಸಂಜೆ ಹೊತ್ತು ರಾಗ ಕಟ್ಟಿ ಕಾವ್ಯ ಓದುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೇಳುತ್ತ ಬೆಳೆದವಳು. ಕೇಳುವುದೊಂದು ಬಿಟ್ಟು ಈ ಹುಡುಗಿ ಏನೂ ಕಲಿಯಲಿಲ್ಲ ಎಂದು ಅಮ್ಮ ಬೈಯುತ್ತಿದ್ದರು. ಕಾವ್ಯದಲ್ಲಿ ಒಬ್ಬೊಬ್ಬ ವೀರನಿಗೂ ಅಷ್ಟೊಂದು ಬಿರುದು ಯಾಕೆ, ಗಾಳಿಯ ಮಗ ಎಂದೂ ಬಿಸಿಲ ದೊರೆಯ ಮಗ ಎಂದೂ ಸುತ್ತಿ ಬಳಸಿ ಯಾಕೆ ಹೇಳಬೇಕು ಎಂದು ಹೊರಗಿನವರು ಕೇಳಬಹುದು. ನಮ್ಮೂರಲ್ಲಿ ಯಾರೂ ಕೇಳಿದವರಿಲ್ಲ. ಒಂದು ಸಂಜೆ ಯುದ್ಧದ ಭಾಗ ಓದುತ್ತ ಅಪ್ಪ ಮೈಮರೆತು, ನೆಲದಲ್ಲಿ ಹೂತ ರಥದ ಗಾಲಿಯನ್ನು ಎತ್ತುತ್ತಿದ್ದವನನ್ನು ಹೆಸರು ಹಿಡಿದೇ ಕರೆದುಬಿಟ್ಟರು. ಆಮೇಲೆ ಬಹಳ ದಿನ ಅವರಿಗೆ ಕೈ ಎತ್ತಲಾಗಲಿಲ್ಲ. ಅನ್ನವನ್ನು ಅಮ್ಮನೇ ಕಲಸಿ ತಿನ್ನಿಸಿದರು. “ಸತ್ತವರಿಗೂ ದಣಿವು ಇರುತ್ತಾ ಅಪ್ಪ?” ಎಂದು ಕೇಳಿದೆ. “ಅವನದು ಇನ್ನೂ ಇಳಿದಿಲ್ಲಮ್ಮ,” ಎಂದರು. ಬೆಳಿಗ್ಗೆ ದೇವರ ನಾಮ ಹೇಳುವಾಗ ನನಗೆ ಈ ಮಾತು ನೆನಪಾಗುತ್ತದೆ. ಇಷ್ಟು ದೊಡ್ಡ ಲೋಕ ಹೊತ್ತವನಿಗೆ ಒಂದಿಷ್ಟಾದರೂ ದಣಿವು ಇರಬೇಕಲ್ಲ, ಅದರಲ್ಲಿ ಸಾಸಿವೆಯಷ್ಟು ನನಗೆ ಬರಲಿ ಎಂದು ಆಸೆ. ಇದುವರೆಗೆ ಬಂದದ್ದು ತಿಳಿದಿಲ್ಲ.

ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ಒಂದು ಕಡೆ ಕೂತು ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯುವ ಪದ್ಧತಿ. ದಿನದಲ್ಲಿ ಅದೊಂದು ಗಳಿಗೆ ಸೊಸೆ ಅತ್ತೆಯನ್ನು, ಹೆಂಡತಿ ಗಂಡನನ್ನು, ಮಕ್ಕಳು ಅಜ್ಜನನ್ನು ಹೆಸರು ಹಿಡಿದು ಕರೆಯಬಹುದು. ಹಾಗೆ ಕರೆದರೆ ದಿನದ ದಣಿವು ಮನೆಯವರಿಗೆಲ್ಲ ಹಂಚಿಹೋಗುತ್ತದೆ, ಒಬ್ಬರ ಮೇಲೇ ಕೂರುವುದಿಲ್ಲ. ನಮ್ಮ ಮನೆಯಲ್ಲಿ ಇಬ್ಬರೇ. “ಭಾಗೀರಥಿ,” ಎಂದು ಅವಳು ನನ್ನನ್ನು ದೊಡ್ಡಸ್ತಿಕೆಯ ದನಿ ಮಾಡಿ ಕರೆಯುತ್ತಿದ್ದಳು. ನಾನು ಅವಳನ್ನು ಕರೆಯುತ್ತಿದ್ದೆ. ಅವಳಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಕಾಲುಗಳು ಹೋದವು. ಅದರ ಹಿಂದೆಯೇ ನನ್ನ ತಂಗಿ ಹೋದಳು. ಅಂದಿನಿಂದ ಅವಳ ಭುಜ, ತೋಳು, ಮುಂಗೈಗಳ ನೋವು ಪ್ರತಿ ಸಂಜೆ ನನ್ನಲ್ಲಿಗೆ ಬರುತ್ತಿತ್ತು. ನನಗೆ ಅದು ಹೊರೆ ಅನ್ನಿಸಿದ್ದೇ ಇಲ್ಲ. ಹೆತ್ತವಳಿಗೆ ಎದೆಹಾಲು ಕಟ್ಟುತ್ತದಂತಲ್ಲ, ಹೆರದ ನನಗೆ ಅದರ ಬದಲು ಇದನ್ನು ದೇವರು ಕೊಟ್ಟ ಎಂದುಕೊಂಡಿದ್ದೆ.

ನನ್ನೊಬ್ಬಳದೇ ಅಲ್ಲ, ಊರಿನದೂ ಅದೇ ಕಥೆ. ಹೈಮವತಿ ಬೀದಿಗೆ ಬಂದರೆ ಬಾಗಿಲು ಬಾಗಿಲಿನಿಂದ ಹೆಸರು ಹಿಡಿದು ಕರೆಯುತ್ತಿದ್ದರು. ಅಯ್ಯೋ ಪಾಪ ಎಂದು ಕೆಲವರು, ಪ್ರೀತಿಯಿಂದ ಹಲವರು. ಅವಳು ಸೈಕಲ್ ಅಂಗಡಿ ಇಟ್ಟು ದಿನವಿಡೀ ಸ್ಪ್ಯಾನರು ತಿರುಗಿಸಿದರೂ ಸಂಜೆಗೆ ಮಲ್ಲಿಗೆ ಮೊಗ್ಗಿನ ಹಾಗೆ ಇರುತ್ತಿದ್ದಳು. ದಣಿವು ಎಂದರೆ ಏನೆಂದು ಆ ಹುಡುಗಿಗೆ ಗೊತ್ತೇ ಇರಲಿಲ್ಲ.

ವರ್ಷಕ್ಕೊಮ್ಮೆ ನಮ್ಮೂರಲ್ಲಿ ದೊಡ್ಡ ಮ್ಯಾರಥಾನ್ ನಡೆಯುತ್ತದೆ. ಹೊರಗಿನ ಹೆಸರಾಂತ ಓಟಗಾರರೆಲ್ಲ ಬರುತ್ತಾರೆ. ದಾಖಲೆಗಾಗಿ ಬರುವುದಲ್ಲ, ನಮ್ಮೂರಿನ ದಾಖಲೆಯನ್ನು ಯಾರೂ ಒಪ್ಪುವುದಿಲ್ಲ. ದಣಿಯದೆ ಓಡುವುದು ಹೇಗಿರುತ್ತದೆ ಎಂದು ಜನ್ಮದಲ್ಲಿ ಒಂದು ಸಲ ನೋಡಬೇಕೆಂದು ಬರುತ್ತಾರೆ. ಎದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಿರುತ್ತಾರೆ. ದಾರಿಯ ಎರಡೂ ಕಡೆ ನಿಂತು ಊರಿಗೆ ಊರೇ ಆ ಹೆಸರು ಕೂಗುತ್ತದೆ. ಮೊದಲ ಗುಂಪಿನವರು ಕೊನೆಯ ಏರನ್ನು ನಗುತ್ತ ಹತ್ತುತ್ತಾರೆ. ಅವರು ಓಟ ಮುಗಿಯುವ ಕೋಟೆಬಾಗಿಲು ದಾಟುವ ಹೊತ್ತಿಗೆ ಕೂಗಿದವರು ಕೂಗಿದಲ್ಲೇ ಮಲಗಿರುತ್ತಾರೆ, ಅಂಗಡಿ ಕಟ್ಟೆಯ ಮೇಲೆ, ಸೇತುವೆಯ ಬದಿಯಲ್ಲಿ, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು. ಬಸುರಿಯರನ್ನೂ ಮಕ್ಕಳನ್ನೂ ಕೂಗಲು ಬಿಡುವುದಿಲ್ಲ. ಮಾರನೆಯ ದಿನ ಊರಿಗೆ ರಜೆ. ಮನೆ ಮನೆಯಲ್ಲೂ ಎಳ್ಳೆಣ್ಣೆ ಕಾಯಿಸಿದ ವಾಸನೆ. ಅತಿಥಿ ಸತ್ಕಾರ ಎಂದರೆ ನಮ್ಮವರಿಗೆ ಅಷ್ಟು ಆಸೆ.

ಓಟಗಾರರಿಗಿಂತ ಮೊದಲು ಗಾಲಿಕುರ್ಚಿಯವರ ಸ್ಪರ್ಧೆ ಹೊರಡುತ್ತದೆ. ಮುಂದೆ ಚಾಚಿದ ಒಂದು ಸಣ್ಣ ಗಾಲಿ, ಹಿಂದೆರಡು ಓರೆ ಗಾಲಿ ಇರುವ ತಗ್ಗು ಗಾಡಿಗಳು. ಹೈಮವತಿಯ ಗಾಡಿಯನ್ನು ಅವಳೇ ಕಟ್ಟಿಕೊಂಡಿದ್ದಳು. ಪ್ರತಿವರ್ಷ ಅವಳೇ ಗೆಲ್ಲುತ್ತಿದ್ದಳು, ಏಕೆಂದರೆ ಅವಳ ಹೆಸರನ್ನು ಕೂಗುವಷ್ಟು ಜನ ಬೇರೆ ಯಾರ ಹೆಸರನ್ನೂ ಕೂಗುತ್ತಿರಲಿಲ್ಲ. ಕಳೆದ ವರ್ಷ ಹೊರಗಿನಿಂದ ಒಬ್ಬರು ಮೇಡಂ ನೋಡಲು ಬಂದಿದ್ದರು. ದೊಡ್ಡ ನಗರದ ಸ್ಪರ್ಧೆಗಳಿಗೆ ಗಾಲಿಕುರ್ಚಿಯವರನ್ನು ಆರಿಸಿ ತಯಾರು ಮಾಡುವುದು ಅವರ ಕೆಲಸ. ಎಲ್ಲರೂ ಹಾರ ಹಾಕಿದ ಮೇಲೆ ಅವರು ಹತ್ತಿರ ಬಂದು, “ಇದರಲ್ಲಿ ನಿಂದು ಎಷ್ಟಮ್ಮ?” ಎಂದು ಕೇಳಿದರು. ಮೇಡಂ ಗದರಿಸಿ ಕೇಳಿದ್ದಲ್ಲ, ಮೆಲ್ಲಗೆ ಕೇಳಿದ್ದು. ಆದ್ದರಿಂದಲೇ ಅದು ಹೈಮವತಿಗೆ ನಾಟಿತು. ಹೊರಡುವಾಗ ಅವರು ಒಂದು ಮಾತು ಹೇಳಿ ಹೋದರು. ಮುಂದಿನ ವರ್ಷ ಯಾರೂ ಹೆಸರು ಕೂಗದೆ ಇಡೀ ದಾರಿಯನ್ನು ತಳ್ಳಬೇಕು, ಓಟಗಾರರಲ್ಲಿ ಮೊದಲಿನವನು ಹಿಂದಿನಿಂದ ಬಂದು ದಾಟುವ ಮುಂಚೆ ಕೋಟೆಬಾಗಿಲು ಮುಟ್ಟಬೇಕು. ಮುಟ್ಟಿದರೆ ನಗರಕ್ಕೆ ಕರೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ಒಂದೇ ಒಂದು ಸಲ ಯಾರಾದರೂ ಹೆಸರು ಕೂಗಿದರೂ ಇಲ್ಲ.

ಅಂದು ಸಂಜೆ ದೀಪ ಹಚ್ಚಿ ಕೂತಾಗ ಅವಳು ನನ್ನ ಕೈ ಹಿಡಿದಳು. “ದೊಡ್ಡಮ್ಮ, ಇವತ್ತಿಂದ ನನ್ನನ್ನ ಕರೀಬೇಡ.”

“ನಾನೂ ಬೇಡ್ವಾ?”

“ನೀನೇ ಮೊದಲು ನಿಲ್ಲಿಸ್ಬೇಕು. ಎಲ್ಲರಿಗಿಂತ ಜಾಸ್ತಿ ತಗೊಳ್ಳೋಳು ನೀನು.”

ಕೆಂಚಪ್ಪನಂಥವರ ಬಾಯಿ ನಿಲ್ಲುವವರೆಗೆ, ಕೆಲವು ದಿನ, ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕೆರೆ ಏರಿಯಿಂದ ಬಂದವಳು ಬಾಗಿಲಲ್ಲೇ ಗಾಡಿ ನಿಲ್ಲಿಸಿ, ಬಾಯಿ ತೆರೆದು ಉಸಿರು ಬಿಡುತ್ತ, “ದೊಡ್ಡಮ್ಮ, ಬಾ, ಬೇಗ ಬಾ, ನಂಗೆ ಸುಸ್ತಾಗಿದೆ!” ಎಂದು ಕೂಗಿದಳು. ಹಾಲುಹಲ್ಲು ಬಿದ್ದ ಮಗು ಅದನ್ನು ಅಂಗೈಯಲ್ಲಿಟ್ಟು ತೋರಿಸುವ ಹಾಗಿತ್ತು ಅವಳ ಮುಖ. ಲೋಟ ಹಿಡಿಯಲಾಗದೆ ಕಾಫಿ ಚೆಲ್ಲಿ ನಕ್ಕಳು. ನಾನೂ ನಕ್ಕೆ. ಒಳಗೆ ಹೋಗಿ ದೇವರ ಮುಂದೆ ಕೂತಾಗ ನನ್ನ ಭುಜಗಳು ಹಗುರವಾಗಿದ್ದವು. ಎಷ್ಟೋ ವರ್ಷಗಳಿಂದ ಹಾಗೆ ಇರಲಿಲ್ಲ. ಯಾರೋ ಮನೆಗೆ ನುಗ್ಗಿ ಪಾತ್ರೆಗಳನ್ನೆಲ್ಲ ಒಯ್ದ ಮೇಲೆ ಅಡುಗೆಮನೆ ಹೇಗಿರುತ್ತದೋ ಹಾಗಿತ್ತು ಆ ಹಗುರ. ಸಂಜೆ ಅವಳು ನನ್ನನ್ನು ಕರೆಯುತ್ತಿದ್ದಳು. ನಾನು ಮಾತ್ರ ದೀಪದ ಕಡೆ ನೋಡುತ್ತ ತುಟಿ ಕಚ್ಚಿ ಕೂತಿರುತ್ತಿದ್ದೆ. ಕರೆಯಲಿಲ್ಲ, ಆದರೆ ಕರೆಯಬಾರದ ಹೆಸರು ಎಷ್ಟು ಸಲ ನಾಲಿಗೆಯ ತುದಿಗೆ ಬರುತ್ತದೆ ಎಂಬುದು ಆ ವರ್ಷ ಗೊತ್ತಾಯಿತು.

ಊರಿಗೆ ಇದು ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಓಟದ ಸಮಿತಿಗೆ ಯಜಮಾನರಾದ ಡ್ರಿಲ್ ಮೇಷ್ಟ್ರು ಮನೆಗೇ ಬಂದರು. “ಏನ್ ತಾಯಿ ಇದು? ನಮ್ಮೂರ ಹುಡುಗಿಗೆ ನಾವು ಕೂಗಬಾರದು, ಎಲ್ಲಿಂದಲೋ ಬಂದವರಿಗೆ ಗಂಟಲು ಹರ್ಕೋಬೇಕು. ನ್ಯಾಯಾನಾ?”

“ಕೂಗಬೇಡಿ ಅಂದಿಲ್ಲ ಮೇಷ್ಟ್ರೇ, ಹೆಸರು ಹಿಡೀಬೇಡಿ ಅಂದೆ,” ಎಂದಳು ಹೈಮವತಿ. “‘ಸೈಕಲ್ ಅಂಗಡಿ ಮೂದೇವಿ’ ಅಂತ ಬೇಕಾದ್ರೆ ಕೂಗಿ, ಖುಷಿಯಾಗಿ ತಳ್ತೀನಿ.”

“ಜನದ ಬಾಯಿ ಅಮ್ಮಣ್ಣಿ. ಮೂದೇವಿ ಅನ್ನೋಕೆ ಹೋಗಿ ನಿನ್ನ ಹೆಸರೇ ಬರುತ್ತೆ. ಒಬ್ಬ ಸಾಕು, ನಿನ್ನ ಒಂದು ವರ್ಷದ್ದು ಮಣ್ಣುಪಾಲು.” ಮೇಷ್ಟ್ರು ನನ್ನ ಕಡೆ ತಿರುಗಿದರು. “ಅಕ್ಕಾವ್ರೇ, ಇವಳು ಅಲ್ಲಿಗೆ ಹೋದ್ರೆ ಅಲ್ಲಿ ಕೂಗೋಕೆ ಯಾರಿದಾರೆ? ಅಲ್ಲಿ ಕೂಗಿದ್ರೂ ಇಳಿಯುತ್ತಾ? ಎಲ್ಲಾ ಇವಳೇ ಹೊರಬೇಕು. ನೀವಾದ್ರೂ ಹೇಳಿ.”

ನಾನು ಹೇಳುವುದಿದ್ದರೆ ಅದನ್ನೇ ಹೇಳುತ್ತಿದ್ದೆ. ಅವಳು ಹೋಗುವುದು ನನಗೆ ಬೇಕಿರಲಿಲ್ಲ. ಗೆದ್ದರೆ ಹೋಗುತ್ತಾಳೆ, ಸೋತರೆ ಇಲ್ಲೇ ಇರುತ್ತಾಳೆ, ಸೋತವಳನ್ನು ಸಂಜೆ ಮತ್ತೆ ಕರೆಯಬಹುದು. ದೇವರ ಮುಂದೆ ಕೂತು ಅವಳು ಗೆಲ್ಲಲಿ ಎಂದು ಕೇಳಿಕೊಳ್ಳುವಾಗ ನನ್ನ ದನಿಯಲ್ಲಿ ನೀರು ಬೆರೆತದ್ದು ನನಗೇ ಕೇಳುತ್ತಿತ್ತು.

ಕೊನೆಗೆ ಉಪಾಯ ಹೊಳೆದದ್ದು ಕೆಂಚಪ್ಪನಿಗೆ. ತನ್ನನ್ನು ಅವಳು ಆಡಿಕೊಂಡ ಮಾತನ್ನೇ ಮನೆ ಮನೆಗೆ ಹಾಲಿನ ಜೊತೆ ಹಂಚಿದ. ಓಟದ ದಿನ ಬೆಳಿಗ್ಗೆ ದಾರಿಯುದ್ದಕ್ಕೂ ಜನ ಚೊಂಬು, ಲೋಟ, ಬಾಟಲಿ ಹಿಡಿದು ನಿಂತಿದ್ದರು. ಬೇರೆ ಗಾಲಿಕುರ್ಚಿಗಳು ಬಂದಾಗ ಅವರವರ ಹೆಸರು ಕೂಗಿದರು. ಹೈಮವತಿಯ ಹಳದಿ ಗಾಡಿ ತಿರುವಿನಲ್ಲಿ ಕಂಡೊಡನೆ ಎಲ್ಲರೂ ಒಂದೊಂದು ಬಾಯಿ ನೀರು ತುಂಬಿಕೊಂಡು ಕೆನ್ನೆ ಉಬ್ಬಿಸಿ ನಿಂತರಂತೆ. ಬಟ್ಟೆಪೇಟೆಯ ಸೇಠು, ಹೂವಿನವಳು, ಪೊಲೀಸಿನವನು, ಎಲ್ಲರೂ. ಒಬ್ಬ ಮುದುಕಿಗೆ ನಗು ಬಂದು ನೀರೆಲ್ಲ ಪಕ್ಕದವರ ಮೇಲೆ ಹಾರಿತಂತೆ, ಆದರೂ ಹೆಸರು ಹೊರಬರಲಿಲ್ಲವಂತೆ. ಮೇಡಂ ಅವಳ ಗಾಡಿಯ ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದರು. ಅಂಥ ಮೌನದ ಬೀದಿಯನ್ನು ತಾನು ಎಲ್ಲೂ ಕಂಡಿಲ್ಲ ಎಂದು ಆಮೇಲೆ ಮೇಷ್ಟ್ರಿಗೆ ಹೇಳಿದರಂತೆ.

ನಾನು ಕೊನೆಯ ಏರಿನ ತಿರುವಿನಲ್ಲಿ, ಕಲ್ಲುಬೆಂಚಿನ ಹತ್ತಿರ ನಿಂತಿದ್ದೆ. ಅಲ್ಲಿಂದ ಮೇಲಕ್ಕೆ ನೋಡಿದರೆ ಕೋಟೆಬಾಗಿಲು ಕಾಣುತ್ತದೆ, ಕೆಳಗೆ ನೋಡಿದರೆ ಸೇತುವೆ. ಪಕ್ಕದಲ್ಲಿ ಕೆಂಚಪ್ಪ ಇದ್ದ. ಬೇರೆ ಗಾಲಿಕುರ್ಚಿಗಳೆಲ್ಲ ಆಗಲೇ ಹತ್ತಿ ಹೋಗಿದ್ದವು. ಪ್ರತಿವರ್ಷ ಮೊದಲು ಬರುವವಳು ಈ ಸಲ ಎಲ್ಲರಿಗಿಂತ ಹಿಂದೆ ಇದ್ದಳು. ಮೊದಲು ನನಗೆ ಕೇಳಿಸಿದ್ದು ಸದ್ದು. ದೂರದಲ್ಲಿ ಪೇಟೆಯ ಕಡೆಯಿಂದ ಊರು ಓಟಗಾರರ ಹೆಸರು ಕೂಗುತ್ತಿದ್ದ ಸದ್ದು, ಮಳೆ ಬಯಲು ದಾಟಿ ಬರುವ ಹಾಗೆ ಬರುತ್ತಿತ್ತು. ಆ ಸದ್ದಿನ ಮುಂದೆ ಒಂದು ತುಂಡು ಮೌನ ಬರುತ್ತಿತ್ತು. ಆ ಮೌನದೊಳಗೆ ಅವಳಿದ್ದಳು. ಸದ್ದು ಹತ್ತಿರವಾದಷ್ಟೂ ಮೌನದ ತುಂಡು ಸಣ್ಣದಾಗುತ್ತಿತ್ತು.

ಸೇತುವೆ ದಾಟಿದ ಹಳದಿ ಗಾಡಿ ಏರಿಗೆ ಬಂತು. ನಾವೆಲ್ಲ ಬಾಯಲ್ಲಿ ನೀರು ತುಂಬಿಕೊಂಡೆವು. ಅವಳು ಗಾಲಿಯ ಪಕ್ಕದಲ್ಲಿ ಕೂರಿಸಿದ ಬಳೆಗೆ ಕೈ ಬಡಿದು ತಳ್ಳುತ್ತಿದ್ದ ಸದ್ದು ಕೇಳಿಸುತ್ತಿತ್ತು. ಮೊದಲು ಒಂದು ಲಯವಿತ್ತು ಅದಕ್ಕೆ. ಅಪ್ಪನ ಓದಿನಲ್ಲಿ ಪಾದ ಮುಗಿಯುವಲ್ಲಿ ಉಸಿರು ತೆಗೆದುಕೊಳ್ಳುವ ಹಾಗೆ, ಬಡಿತ, ಬಿಡುವು, ಬಡಿತ, ಬಿಡುವು. ಏರು ಕಡಿದಾದಂತೆ ಬಿಡುವು ಉದ್ದವಾಯಿತು. ನನ್ನ ಎದುರಿಗೆ ಬರುವ ಹೊತ್ತಿಗೆ ಬರಿಯ ಬಿಡುವೇ ಉಳಿಯಿತು. ಗಾಡಿ ನಿಂತಿತು. ಹಿಂದಕ್ಕೆ ಜಾರದಂತೆ ಎರಡು ಕೈಯಲ್ಲೂ ಗಾಲಿ ಹಿಡಿದುಕೊಂಡು ಅವಳು ತಲೆ ತಗ್ಗಿಸಿದಳು. ಕೈಗವಸಿನ ರಬ್ಬರು ಕಿತ್ತು ಹೋಗಿತ್ತು. ಬೆನ್ನು ಏಳುತ್ತಿತ್ತು, ಬೀಳುತ್ತಿತ್ತು. ಸೇತುವೆಯ ಆ ತುದಿಯಲ್ಲಿ ಮೊದಲ ಓಟಗಾರನ ತಲೆ ಕಂಡಿತು. ಅವನು ಯಾರೊಡನೆಯೋ ಮಾತಾಡಿಕೊಂಡು ಬರುವವನಂತೆ ಹಾಯಾಗಿ ಓಡುತ್ತಿದ್ದ.

ಕೆಂಚಪ್ಪ ಹೆಗಲ ಮೇಲಿನ ಟವಲನ್ನೂ ಬಾಯಿಗೆ ಒತ್ತಿಕೊಂಡ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಹೈಮವತಿ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಅಂಥ ದಣಿವನ್ನು ನಾನು ನೋಡಿರಲಿಲ್ಲ. ನೋಡುವ ಮೊದಲೇ ನಾನದನ್ನು ತೆಗೆದುಕೊಂಡುಬಿಡುತ್ತಿದ್ದೆ.

“ದೊಡ್ಡಮ್ಮ,” ಎಂದಳು. ದನಿ ಸಣ್ಣಗೆ ಬಿರಿದಿತ್ತು. “ಆಗಲ್ಲ. ಕರಿ.”

ನಾನು ಕಲ್ಲುಬೆಂಚಿನ ಅಂಚು ಹಿಡಿದುಕೊಂಡೆ.

“ಒಂದೇ ಸಲ ದೊಡ್ಡಮ್ಮ. ಸಾಕು ನಂಗೆ, ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತೀನಿ ನಿನ್ನ ಜೊತೆ. ಕರಿ.”

ಸ್ಕೂಟರಿನ ಮೇಲಿದ್ದ ಮೇಡಂ ಕಾಲು ಊರಿ ನಿಂತು ನನ್ನನ್ನೇ ನೋಡುತ್ತಿದ್ದರು. ಬೀದಿಯ ಎರಡೂ ಕಡೆಯವರು ಕೆನ್ನೆ ಉಬ್ಬಿಸಿಕೊಂಡು ನನ್ನನ್ನೇ ನೋಡುತ್ತಿದ್ದರು. ನನ್ನ ಭುಜ ಎರಡೂ ಆ ಭಾರಕ್ಕೆ ಒಡ್ಡಿಕೊಂಡು, ಕರುವಿನ ಸದ್ದಿಗೆ ಹಸುವಿನ ಮೈ ಅದುರುವ ಹಾಗೆ ಅದುರಿದವು. ಹೆಸರು ಹೊಟ್ಟೆಯಿಂದ ಎದ್ದು ಎದೆಗೆ ಬಂತು, ಎದೆಯಿಂದ ಗಂಟಲಿಗೆ ಬಂತು, ರಾಗ ಸಮೇತ ಬಂತು. ಒಂದು ಸಲ ಬಾಯಿ ತೆರೆದರೆ ಅವಳ ನೋವು ಅಷ್ಟೂ ನನ್ನದು. ಇವತ್ತಿನ ದೀಪದ ಹೊತ್ತೂ ನನ್ನದು, ನಾಳಿನದೂ ನನ್ನದು. ಅವಳೇ ಕೇಳುತ್ತಿದ್ದಾಳೆ, ನಾನಾಗಿ ಕೊಡುತ್ತಿಲ್ಲ. ದೇವರು ಕೂಡ ಇದನ್ನು ತಪ್ಪೆನ್ನಲಾರ.

ಓಟಗಾರನ ಹೆಸರು ಕೂಗುವ ಸದ್ದು ಏರಿನ ಬುಡಕ್ಕೆ ಬಂತು.

ನಾನು ಬಾಯಲ್ಲಿದ್ದ ನೀರನ್ನು ನುಂಗಿದೆ. ನನ್ನ ಗಂಟಲು ಆಡಿದ್ದು ಕಂಡು ಕೆಂಚಪ್ಪ ಕಣ್ಣು ಮುಚ್ಚಿಕೊಂಡ. ಹೈಮವತಿ ಮಾತ್ರ ಕಣ್ಣು ಬಿಟ್ಟುಕೊಂಡು, ಮಗುವಾಗಿದ್ದಾಗ ಊಟದ ತುತ್ತಿಗೆ ಕಾಯುತ್ತಿದ್ದ ಹಾಗೆ, ನನ್ನ ತುಟಿಯನ್ನೇ ನೋಡುತ್ತ ಕಾದಳು.

“ಇಲ್ಲ ಮಗಳೇ,” ಎಂದೆ. “ಕರೆಯಲ್ಲ. ಹೋಗು.”